ಪಂಚೆಗೆ ಕಾನೂನಿದೆ, ಲಂಗಕ್ಕಿಲ್ಲ

2014ರ ಜುಲೈ 11ರಂದು ಚೆನ್ನೈನ ಚೆಪಾಕ್‌ನಲ್ಲಿರುವ ತಮಿಳುನಾಡು ಕ್ರಿಕೆಟ್ ಅಸೋಸಿಯೇಷನ್ ಕ್ಲಬ್ಬಿಗೆ ಪುಸ್ತಕ ಬಿಡುಗಡೆಗೆಂದು ಬಂದ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಡಿ. ಹರಿಪರಂಧಾಮನ್ ಅವರನ್ನು ಬಾಗಿಲಲ್ಲೇ ತಡೆದರು. ಅವರು ವೇಷ್ಟಿ, ಅಂದರೆ ನಮ್ಮ ಪಂಚೆ, ಉಟ್ಟಿದ್ದರು. ಕ್ಲಬ್ಬಿನ ನಿಯಮದಲ್ಲಿ ವೇಷ್ಟಿಗೆ ಜಾಗವಿರಲಿಲ್ಲ. ವೇಷ್ಟಿ ಉಟ್ಟು ಬಂದಿದ್ದ ವಕೀಲರಿಗೂ ಅದೇ ಗತಿಯಾಯಿತು. ಕೆಲವೇ ದಿನಗಳಲ್ಲಿ ವಿಷಯ ವಿಧಾನಸಭೆಗೆ ಬಂತು, ಎಲ್ಲ ಪಕ್ಷದವರೂ ಖಂಡಿಸಿದರು, ಆಗಸ್ಟ್‌ನಲ್ಲಿ ಜಯಲಲಿತಾ ಸರ್ಕಾರ ಕಾನೂನನ್ನೇ ತಂದಿತು. ತಮಿಳು ಸಂಸ್ಕೃತಿಯನ್ನು ಬಿಂಬಿಸುವ ವೇಷ್ಟಿಯನ್ನೋ ಭಾರತದ ಇನ್ನಾವುದೇ ಸಾಂಪ್ರದಾಯಿಕ ಉಡುಪನ್ನೋ ಸಭ್ಯವಾಗಿ ಧರಿಸಿ ಬಂದವರನ್ನು ಆ ಉಡುಪಿನ ಕಾರಣಕ್ಕೇ ಕ್ಲಬ್ಬು, ಚಿತ್ರಮಂದಿರ, ಮಾಲ್ ಮುಂತಾದ ಸಾರ್ವಜನಿಕ ಸ್ಥಳಗಳಿಂದ ಹೊರಗಿಡುವಂತಿಲ್ಲ. ಹಾಗೆ ಮಾಡಿದರೆ ಪರವಾನಗಿ ರದ್ದಾಗಬಹುದು. ಒಂದು ವರ್ಷದವರೆಗೆ ಜೈಲು, 25,000 ರೂಪಾಯಿವರೆಗೆ ದಂಡ.

ಅದೇ ವರ್ಷ, ಈ ಘಟನೆಗೆ ಮೂರು ತಿಂಗಳ ಮುಂಚೆ, ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ನಾಲ್ಸಾ ಪ್ರಕರಣದ ತೀರ್ಪು ಕೊಟ್ಟಿತ್ತು. ತೃತೀಯ ಲಿಂಗಿಗಳ ಹಕ್ಕಿನ ತೀರ್ಪೆಂದೇ ಅದು ಹೆಸರಾಗಿದೆ. ಆದರೆ ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಅವರ ಪೀಠ ಅದರಲ್ಲಿ ಎಲ್ಲರಿಗೂ ಸಲ್ಲುವ ಒಂದು ಮಾತು ಹೇಳಿತು: ಒಬ್ಬ ವ್ಯಕ್ತಿ ತನ್ನನ್ನು ಉಡುಪಿನ ಮೂಲಕ ತೋರಿಸಿಕೊಳ್ಳುವುದೂ ಸಂವಿಧಾನದ 19(1)(ಎ) ವಿಧಿ ಕೊಟ್ಟ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೆ ಬರುತ್ತದೆ.

ಒಂದೇ ವರ್ಷದಲ್ಲಿ ಉಡುಪಿನ ಬಗ್ಗೆ ಹೀಗೆ ಎರಡು ಬಗೆಯ ತರ್ಕ ಹುಟ್ಟಿತು. ಸುಪ್ರೀಂ ಕೋರ್ಟು ಉಟ್ಟ ಮನುಷ್ಯನನ್ನು ನೋಡಿತು. ವಿಧಾನಸಭೆ ಬಟ್ಟೆಯ ವಂಶಾವಳಿಯನ್ನು ನೋಡಿತು. ನಮ್ಮ ಸಮಾಜಕ್ಕೆ ಒಗ್ಗಿದ್ದು ಎರಡನೆಯದೇ. ಹಾಗಾಗಿ ಇಂದು ಚೆನ್ನೈನ ಅಡ್ಯಾರ್‌ನ ಒಬ್ಬ ತರುಣ ವೇಷ್ಟಿಯುಟ್ಟು ಯಾವ ಕ್ಲಬ್ಬಿಗಾದರೂ ತಲೆಯೆತ್ತಿ ಹೋಗಬಹುದು. ಅಷ್ಟೇ ಉದ್ದದ, ಅಷ್ಟೇ ಮೈಮುಚ್ಚುವ ಸ್ಕರ್ಟು ತೊಟ್ಟರೆ 2014ರ ಕಾಯ್ದೆ ಅವನ ನೆರವಿಗೆ ಬರುವುದಿಲ್ಲ. ಅದು ಯಾರ ಸಂಪ್ರದಾಯವೂ ಅಲ್ಲವಲ್ಲ! ಪಂಚೆಯ ಮಾನ ಕಾಯಲು ನಾವು ಬಳಸಿದ ವಾದ ತೀರಾ ಇಕ್ಕಟ್ಟಿನದು, ಅದನ್ನು ಅಗಲ ಮಾಡಬೇಕು ಎಂಬುದು ನನ್ನ ನಿಲುವು.

ಅಡ್ಯಾರ್‌ನ ಹೆಸರೆತ್ತಿದ್ದಕ್ಕೆ ಕಾರಣವಿದೆ. ಗಂಡಸಿನ ಸೊಂಟದ ಕೆಳಗಿನ ಬಟ್ಟೆಯ ಇಡೀ ಚರಿತ್ರೆ ಇಲ್ಲಿ ನಾಲ್ಕೈದು ಕಿಲೋಮೀಟರಿನೊಳಗೆ ಸಿಗುತ್ತದೆ. ಬೆಳಿಗ್ಗೆ ಆವಿನ್ ಹಾಲಿನ ಬೂತಿನ ಮುಂದೆ ನಿಂತವರನ್ನು ನೋಡಿ. ಬಿಳಿ ವೇಷ್ಟಿಯ ನಿವೃತ್ತ ಅಧಿಕಾರಿ, ಚೌಕಳಿ ಲುಂಗಿಯ ಆಟೋ ಚಾಲಕ, ಬರ್ಮುಡಾ ಚಡ್ಡಿಯ ಐಟಿ ಹುಡುಗ. ಲುಂಗಿಯನ್ನು ಹತ್ತಿರದಿಂದ ಗಮನಿಸಿದರೆ ಅದರ ಎರಡು ಅಂಚುಗಳನ್ನು ಕೂಡಿಸಿ ಹೊಲಿದಿರುತ್ತಾರೆ. ಕಾಲು ತೂರಿಸಿ ಮೇಲೆಳೆದುಕೊಂಡು, ಹೆಚ್ಚಾದ ಬಟ್ಟೆಯನ್ನು ಮುಂದೆ ಮಡಚಿ ಸೊಂಟಕ್ಕೆ ಸಿಕ್ಕಿಸಿದರೆ ಮುಗಿಯಿತು. ಅಂಗಡಿಗಳಲ್ಲಿ ಈಗ ವೆಲ್ಕ್ರೋ ಪಟ್ಟಿಯ ವೇಷ್ಟಿ ಬಂದಿದೆ. ಸೊಂಟಕ್ಕೆ ಸುತ್ತಿ ಒತ್ತಿದರೆ ಅಂಟಿಕೊಳ್ಳುತ್ತದೆ, ಮೊಬೈಲಿಗೆಂದು ಜೇಬೂ ಇರುತ್ತದೆ. ಮದುವೆ ಮನೆಗಳಲ್ಲಿ ತರುಣರು ತೊಡುವುದು ಹೆಚ್ಚಾಗಿ ಇದನ್ನೇ. ಹೊಲಿಗೆಯ ಲೆಕ್ಕದಲ್ಲಿ ಇವೆರಡೂ ಸ್ಕರ್ಟುಗಳೇ. ಬರ್ಮಾದ ಲೊಂಜಿ, ಸಿಂಹಳದ ಸರೋಂಗ್, ಫಿಜಿಯ ಸುಲು ಎಲ್ಲವೂ ಇದೇ ಕುಲದವು. ಆಕಾರಕ್ಕೆ ಹೆದರುವುದಿದ್ದರೆ ನಾವು ಎಂದೋ ಹೆದರಬೇಕಿತ್ತು.

ನೃತ್ಯ ಸಂಸ್ಥೆ ಕಲಾಕ್ಷೇತ್ರ 1936ರಲ್ಲಿ ಹುಟ್ಟಿದ್ದು ಇದೇ ಅಡ್ಯಾರ್‌ನಲ್ಲಿ. ರುಕ್ಮಿಣಿ ದೇವಿ ಅರುಂಡೇಲ್ ಅಲ್ಲಿಗೆ ಕೇರಳದಿಂದ ಕಥಕಳಿಯ ಗುರುಗಳನ್ನು ಕರೆಸಿದರು. ಚಂದು ಪಣಿಕ್ಕರ್ ಅವರಂಥವರು ಅಲ್ಲಿ ಕಲಿಸಿದರು. ಕಥಕಳಿಯ ಭೀಮನನ್ನು ನೆನಪಿಸಿಕೊಳ್ಳಿ. ದುಶ್ಶಾಸನನ ಎದೆ ಬಗೆಯುವ ಆ ಭೀಮ ಸೊಂಟಕ್ಕೆ ಉಡುತ್ತುಕೆಟ್ಟು ಕಟ್ಟಿರುತ್ತಾನೆ. ಗಜಗಟ್ಟಲೆ ಬಟ್ಟೆಯನ್ನು ಒಳಗೆ ತುಂಬಿ, ಮೇಲೆ ನಿರಿಗೆಯ ಬಟ್ಟೆ ಹರಡಿ, ಕೊಡೆಯಂತೆ ಅರಳಿಸಿದ ಲಂಗ ಅದು. ನೋಡುವವರಿಗೆ ಅವನ ಗಂಡಸುತನದ ಬಗ್ಗೆ ಎಳ್ಳಷ್ಟೂ ಅನುಮಾನ ಬರುವುದಿಲ್ಲ.

ಅಡ್ಯಾರ್‌ನ ಸಮುದ್ರ ದಂಡೆಯಲ್ಲಿ 1909ರಲ್ಲಿ ಥಿಯಾಸಫಿಸ್ಟ್ ಲೆಡ್‌ಬೀಟರ್ ಕಣ್ಣಿಗೆ ಬಿದ್ದ ಬಾಲಕ ಜಿಡ್ಡು ಕೃಷ್ಣಮೂರ್ತಿಯನ್ನು ಎರಡು ವರ್ಷದಲ್ಲಿ ಆನಿ ಬೆಸೆಂಟ್ ಇಂಗ್ಲೆಂಡಿಗೆ ಕರೆದೊಯ್ದರು. ಅಲ್ಲಿ ಕೃಷ್ಣಮೂರ್ತಿಯವರು ಸಾವಿಲ್ ರೋ ದರ್ಜಿಗಳ ಸೂಟು ತೊಡುವಷ್ಟು ಆ ಬಟ್ಟೆಗೆ ಒಗ್ಗಿದರು. ಭಾರತಕ್ಕೆ ಬಂದಾಗ, ಚೆನ್ನೈನ ವಸಂತ ವಿಹಾರದ ಮರಗಳ ಕೆಳಗೆ ಮಾತಾಡುವಾಗ, ಇಲ್ಲಿನ ಉಡುಪಿನಲ್ಲಿರುತ್ತಿದ್ದರು. ಬೆಸೆಂಟರೂ ಇಲ್ಲಿ ಬಿಳಿ ಸೀರೆಯಲ್ಲೇ ಓಡಾಡಿದವರು. ಅದೇ ಹೊತ್ತಿಗೆ ಅಡ್ಯಾರ್ ನದಿಯ ದಡದಲ್ಲಿ ಬ್ರಿಟಿಷರ ಅಡ್ಯಾರ್ ಕ್ಲಬ್ಬಿತ್ತು. 1890ರಲ್ಲಿ ಶುರುವಾದ ಅದು 1963ರಲ್ಲಿ ಮದ್ರಾಸ್ ಕ್ಲಬ್ಬಿನೊಂದಿಗೆ ಸೇರಿತು. ಪ್ಯಾಂಟು ಈ ನಾಡಿನಲ್ಲಿ ಸಭ್ಯತೆಯ ಗುರುತಾಗಿ ನೆಲೆಯಾದದ್ದು ಇಂಥ ಕ್ಲಬ್ಬು, ಕಚೇರಿ, ಕೋರ್ಟುಗಳ ಮೂಲಕ. ಆಳುವವನು ತೊಟ್ಟದ್ದು ಸಭ್ಯ ಉಡುಪಾಯಿತು. ಆಳಿಸಿಕೊಂಡವನದು ಮನೆಯಲ್ಲಿ ಉಡುವ ಬಟ್ಟೆಯಾಯಿತು. ಬ್ರಿಟಿಷರು ಹೋದ ಮೇಲೂ ಈ ಏರ್ಪಾಟು ಅಲುಗಾಡಲಿಲ್ಲ.

ದೋಷವನ್ನೆಲ್ಲ ಅವರ ಮೇಲೆ ಹೊರಿಸುವುದೂ ಸರಿಯಲ್ಲ. ಉಟ್ಟ ಬಟ್ಟೆಯ ಉದ್ದದಲ್ಲಿ ಮನುಷ್ಯನ ಅಂತಸ್ತು ಅಳೆಯುವ ವಿದ್ಯೆ ನಮಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹಳ್ಳಿಯಲ್ಲಿ ಬೆಳೆದವರು ಕಂಡೇ ಇರುತ್ತಾರೆ: ಮೊಣಕಾಲ ಮೇಲಕ್ಕೆ ಎತ್ತಿಕಟ್ಟಿದ ಪಂಚೆಯನ್ನು ಗೌಡರು ಎದುರು ಬಂದಾಗ ಥಟ್ಟನೆ ಕೆಳಗೆ ಬಿಡುತ್ತಿದ್ದ ಆಳುಗಳನ್ನು. ತಮಿಳುನಾಡಿನ ರಾಮನಾಥಪುರ ಸೀಮೆಯಲ್ಲಿ 1930ರಲ್ಲಿ ಕಳ್ಳರ್ ಜಾತಿಯವರು ದಲಿತರಾದ ಆದಿದ್ರಾವಿಡರ ಮೇಲೆ ಹೇರಿದ ಎಂಟು ನಿಷೇಧಗಳಲ್ಲಿ ಒಂದು ಹೀಗಿತ್ತು: ಅವರ ಗಂಡಸರು ಮೊಣಕಾಲಿಗಿಂತ ಕೆಳಗೆ, ಸೊಂಟಕ್ಕಿಂತ ಮೇಲೆ ಬಟ್ಟೆ ಉಡಕೂಡದು. ಚಿನ್ನ ಬೆಳ್ಳಿ ಹಾಕಕೂಡದು ಎಂಬುದು ಇನ್ನೊಂದು. ಮೀರಿದವರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಇಂದು ತಮಿಳು ಸಂಸ್ಕೃತಿಯ ಗುರುತೆಂದು ಕಾನೂನಿನಲ್ಲಿ ಬರೆದ ಪಾದ ಮುಟ್ಟುವ ಬಿಳಿ ವೇಷ್ಟಿಯನ್ನು, ತೊಂಬತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಇದೇ ತಮಿಳು ನೆಲದಲ್ಲಿ ಒಬ್ಬ ದಲಿತ ಉಟ್ಟರೆ ಅಪರಾಧ. ಸಂಪ್ರದಾಯವನ್ನೇ ಸಾಕ್ಷಿಗೆ ಕರೆದರೆ ಅದು ಯಾರ ಪರ ನುಡಿಯುತ್ತದೆಂದು ಮೊದಲೇ ಹೇಳಲಾಗದು. ಹಕ್ಕನ್ನು ಸಂಪ್ರದಾಯದ ಮೇಲೆ ಕಟ್ಟಬಾರದೆಂದು ನಾನು ಹೇಳುವುದು ಇದಕ್ಕೇ.

ಕರ್ನಾಟಕದ ಕಥೆಯೂ ದೂರದ್ದಲ್ಲ. 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್‌ಗೆ ಮಗನೊಂದಿಗೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ವೃದ್ಧ ರೈತರನ್ನು, ಪಂಚೆ ಉಟ್ಟಿದ್ದಾರೆಂಬ ಕಾರಣಕ್ಕೆ ಒಳಗೆ ಬಿಡಲಿಲ್ಲ. ಆಗ ಪಂಚೆಯುಟ್ಟೇ ವಿಧಾನಸೌಧಕ್ಕೆ ಹೋಗುವ ಸಿದ್ದರಾಮಯ್ಯನವರು ಮುಖ್ಯಮಂತ್ರಿ. ಪಂಚೆಯುಟ್ಟೇ ಪ್ರಧಾನಿಯಾದ ದೇವೇಗೌಡರೂ ಇದೇ ನಾಡಿನವರು. ಜನ ಮಾಲ್ ಮುಂದೆ ಪಂಚೆಯುಟ್ಟು ಪ್ರತಿಭಟಿಸಿದರು, ಸರ್ಕಾರ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸದನದಲ್ಲಿ ಹೇಳಿತು. ಸಿಟ್ಟು ನ್ಯಾಯವಾದದ್ದೇ. ಬಾಗಿಲಲ್ಲಿ ತಡೆದ ಗಾರ್ಡ್‌ಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ನಮ್ಮ ಮಾಲ್‌ಗಳ ಗಾರ್ಡ್‌ಗಳಲ್ಲಿ ಬಹಳ ಮಂದಿ ಹಳ್ಳಿಗಳಿಂದ ಬಂದವರು, ಏಜೆನ್ಸಿ ಕೊಟ್ಟ ಪ್ಯಾಂಟು ತೊಟ್ಟು ಹನ್ನೆರಡು ಗಂಟೆ ನಿಂತು, ರೂಮಿಗೆ ಹೋಗಿ ಲುಂಗಿಗೆ ಬದಲಾಯಿಸುವವರು. ಅವರ ಕೈಯಲ್ಲಿ ಅವರಪ್ಪನಂಥವರನ್ನೇ ತಡೆಸುವ ವ್ಯವಸ್ಥೆ ನಮ್ಮದು.

ಆದರೂ ಈ ಪ್ರಸಂಗದಲ್ಲಿ ನಮ್ಮೆಲ್ಲರ ಬಾಯಲ್ಲಿ ಬಂದ ಮಾತು ಏನು? ಪಂಚೆ ನಮ್ಮ ಸಂಸ್ಕೃತಿ, ರೈತನಿಗೆ ಅವಮಾನವಾಯಿತು. ಆ ಹಿರಿಯರು ಟಿಕೆಟ್ ಇಟ್ಟುಕೊಂಡು ಬಂದ ಒಬ್ಬ ಪ್ರಜೆ, ಏನು ಉಡಬೇಕೆಂಬುದು ಅವರ ಇಷ್ಟ ಎಂದು ಎಷ್ಟು ಮಂದಿ ಹೇಳಿದರು? ಅದೇ ಬಾಗಿಲಲ್ಲಿ ಸ್ಕರ್ಟು ತೊಟ್ಟ ಇಪ್ಪತ್ತೆರಡರ ಹುಡುಗನನ್ನು ತಡೆದಿದ್ದರೆ ಯಾವ ಸಂಘಟನೆಯೂ ಬೀದಿಗಿಳಿಯುತ್ತಿರಲಿಲ್ಲ. ಅವನನ್ನೇ ಬೈಯುವವರು ಇದ್ದರು.

ಹಾಗಾದರೆ ಆ ಹುಡುಗನ ಸ್ಕರ್ಟು ನಮ್ಮನ್ನು ಕಾಡುವುದು ಏಕೆ? ಆಕಾರ ಕಾರಣವಲ್ಲ, ಮೈ ಕಾಣುವುದೂ ಕಾರಣವಲ್ಲ. ಎತ್ತಿಕಟ್ಟಿದ ಲುಂಗಿಗಿಂತ ಅದು ಹೆಚ್ಚೇ ಮುಚ್ಚುತ್ತದೆ. ಉತ್ತರ ನಮ್ಮ ಪ್ರತಿಭಟನೆಗಳಲ್ಲೇ ಇದೆ. ಕೆಲಸ ಮಾಡದ ಅಧಿಕಾರಿಯನ್ನು ಅವಮಾನಿಸಬೇಕಾದಾಗ ನಮ್ಮ ಸಂಘಟನೆಗಳವರು ಏನು ಮಾಡುತ್ತಾರೆ? ತಟ್ಟೆಯಲ್ಲಿ ಸೀರೆ, ಬಳೆ, ಅರಿಶಿನ ಕುಂಕುಮ ಇಟ್ಟುಕೊಂಡು ಅವನ ಕಚೇರಿಗೆ ಹೋಗುತ್ತಾರೆ. ಎಷ್ಟೋ ಸಲ ಆ ತಟ್ಟೆ ಹಿಡಿದವರು ಹೆಂಗಸರೇ. ತಾವು ದಿನವೂ ಉಡುವ ಸೀರೆಯನ್ನೇ ಅವರು ಇನ್ನೊಬ್ಬನ ನಾಲಾಯಕುತನದ ಗುರುತಾಗಿ ಎತ್ತಿ ತೋರಿಸುತ್ತಾರೆ. ಟಿವಿಯವರು ಅದನ್ನು ತೋರಿಸುತ್ತಾರೆ, ನಾವು ನೋಡುತ್ತೇವೆ, ಯಾರಿಗೂ ಏನೂ ಅನ್ನಿಸುವುದಿಲ್ಲ. ಹೆಣ್ಣಿನ ಬಟ್ಟೆ ತೊಡುವುದೆಂದರೆ ಗಂಡಸು ಒಂದು ಮೆಟ್ಟಿಲು ಕೆಳಗಿಳಿದಂತೆ ಎಂಬ ಎಣಿಕೆ ನಮ್ಮಲ್ಲಿ ಅಷ್ಟು ಆಳದಲ್ಲಿದೆ.

ಹೆಣ್ಣು ಪ್ಯಾಂಟು ತೊಟ್ಟಾಗ ನಡೆದದ್ದನ್ನು ಪಕ್ಕದಲ್ಲಿಟ್ಟು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲೂ ಜಗಳವಾಯಿತು. ಪ್ಯಾರಿಸ್ಸಿನಲ್ಲಿ ಹೆಂಗಸರು ಅನುಮತಿಯಿಲ್ಲದೆ ಪ್ಯಾಂಟು ತೊಡಬಾರದೆಂದು 1800ರಲ್ಲಿ ಹೊರಟ ಆದೇಶ ಸತ್ತುಹೋಗಿದೆಯೆಂದು ಅಧಿಕೃತವಾಗಿ ಘೋಷಣೆಯಾದದ್ದು 2013ರಲ್ಲಿ. ನಮ್ಮ ಊರುಗಳಲ್ಲಿ ಮೊದಲು ಜೀನ್ಸ್ ತೊಟ್ಟ ಹುಡುಗಿಯರು ಕೇಳಿದ ಬೈಗುಳ ಕಡಿಮೆಯಲ್ಲ. ಅವಳಿಗೆ ಸೊಕ್ಕು, ಗಂಡುಬೀರಿ ಎಂದರು. ಆದರೆ ಆ ಬೈಗುಳದೊಳಗೇ ಅವಳು ಮೇಲೆ ಹತ್ತಲು ನೋಡುತ್ತಿದ್ದಾಳೆ ಎಂಬ ಒಪ್ಪಿಗೆ ಇತ್ತು. ಮೇಲೆ ಹತ್ತುವವರನ್ನು ಜನ ಬೈದರೂ ಒಂದು ದಿನ ಒಪ್ಪುತ್ತಾರೆ. ಇಂದು ಮಗಳು ಜೀನ್ಸಿನಲ್ಲಿ ಕಾಲೇಜಿಗೆ ಹೊರಟರೆ ಅಪ್ಪ ಪೇಪರಿನಿಂದ ತಲೆ ಎತ್ತುವುದಿಲ್ಲ. ಮಗ ಸ್ಕರ್ಟಿನಲ್ಲಿ ಹೊರಟರೆ ಮನೆಯಲ್ಲಿ ಅಡುಗೆ ನಿಲ್ಲುತ್ತದೆ. ಗಂಡು ತೊಟ್ಟ ಸ್ಕರ್ಟಿನ ಮೇಲಿನ ಸಿಟ್ಟಿನ ಒಳಗೆ ಹೆಣ್ಣಿನ ಮೇಲಿನ ತಾತ್ಸಾರ ಅಡಗಿದೆ. ಹಾಗಾಗಿ ಇದು ನಾಲ್ಕು ಜನ ಶೋಕಿ ಹುಡುಗರ ವಿಷಯವೆಂದು ತಳ್ಳಿಹಾಕಲಾಗದು.

ಈ ತಾತ್ಸಾರ ಕಾನೂನಾಗಿಯೂ ಬಾಳಿದೆ. ಬ್ರಿಟಿಷ್ ಸರ್ಕಾರದ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಲ್ಲಿ ಹಿಜ್ರಾಗಳಿಗೇ ಒಂದು ಭಾಗ ಮೀಸಲಿತ್ತು. ಉತ್ತರ ಭಾರತದ ಪ್ರಾಂತ್ಯಗಳಲ್ಲಿ ಪೊಲೀಸರು ಅವರ ಹೆಸರನ್ನು ದಾಖಲಿಸಿಕೊಳ್ಳುತ್ತಿದ್ದರು. ಹಾಗೆ ದಾಖಲಾದವರು ಹೆಣ್ಣಿನಂತೆ ಉಟ್ಟು ತೊಟ್ಟು ಬೀದಿಯಲ್ಲಿ ಕಂಡರೆ ಎರಡು ವರ್ಷದವರೆಗೆ ಸೆರೆ. ನಿಜಾಮರ ಹೈದರಾಬಾದ್ ಸಂಸ್ಥಾನ 1919ರಲ್ಲಿ ಇದರದೇ ಅಚ್ಚಿನ ಕಾನೂನು ಮಾಡಿತು. ಬೀದರ್, ಕಲಬುರಗಿ, ರಾಯಚೂರು ಆಗ ಆ ಸಂಸ್ಥಾನದಲ್ಲೇ ಇದ್ದವು. ತೆಲಂಗಾಣ ಹೈಕೋರ್ಟು ಆ ಕಾನೂನನ್ನು ಸಂವಿಧಾನಬಾಹಿರವೆಂದು ರದ್ದು ಮಾಡಿದ್ದು 2023ರ ಜುಲೈನಲ್ಲಿ. ಬ್ರಿಟಿಷರು ತಮ್ಮ ಮನೆಯಲ್ಲೂ ಗಂಡಸರ ಬಟ್ಟೆಗೆ ಕೈಹಾಕಿದವರೇ. ಸ್ಕಾಟ್ಲೆಂಡಿನ ಬಂಡಾಯ ಮುರಿದ ಮೇಲೆ 1746ರಲ್ಲಿ ಅಲ್ಲಿನ ಗಂಡಸರ ಕಿಲ್ಟನ್ನು ನಿಷೇಧಿಸಿದರು. ಎರಡನೇ ಸಲ ಸಿಕ್ಕಿಬಿದ್ದವರಿಗೆ ಏಳು ವರ್ಷ ಗಡೀಪಾರು. 1782ರಲ್ಲಿ ನಿಷೇಧ ಹೋಯಿತು. ಮುಂದೆ ಅದೇ ಕಿಲ್ಟು ರಾಜಮನೆತನದವರ ಮೈಮೇಲೂ ಬಂತು.

ವೇದಿಕೆಯ ಮೇಲೆ ನಾವು ಎಷ್ಟು ಉದಾರಿಗಳು! ಕಾಸರಗೋಡಿನ ಗಡಿಯ ಕೋಳ್ಯೂರು ರಾಮಚಂದ್ರ ರಾಯರ ಸ್ತ್ರೀವೇಷಕ್ಕೆ ತೆಂಕುತಿಟ್ಟು ಯಕ್ಷಗಾನದ ಪ್ರೇಕ್ಷಕರು ದಶಕಗಳ ಕಾಲ ಮನಸೋತರು. ಮಂಟಪ ಪ್ರಭಾಕರ ಉಪಾಧ್ಯರು ಒಬ್ಬರೇ ನಿಂತು ಹೆಣ್ಣಿನ ಅಂತರಂಗ ತೆರೆದಿಟ್ಟರೆ ವಿದ್ವಾಂಸರು ಕಣ್ಣೀರು ಒರೆಸಿಕೊಳ್ಳುತ್ತಾರೆ. ಗುಬ್ಬಿ ಕಂಪನಿಯ ಕಾಲದಲ್ಲಿ ಗಂಡಸರ ಸ್ತ್ರೀಪಾತ್ರಗಳಿಗೆ ಜನ ಊರಿಂದೂರಿಗೆ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. ಜೋಗತಿ ನೃತ್ಯದ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ನಾಡೇ ಹೆಮ್ಮೆಪಟ್ಟಿತು. ಮಂಜಮ್ಮನವರದು ತಾನು ಹೆಣ್ಣೆಂದು ಅರಿತ ಜೀವದ ಬದುಕು. ಅದನ್ನು ಗಂಡಸೊಬ್ಬನ ಉಡುಪಿನ ಆಯ್ಕೆಯೊಂದಿಗೆ ಕಲಸಬಾರದು. ಆದರೆ ಪ್ರಶಸ್ತಿ ಬರುವ ಮುಂಚೆ ಅವರು ಪಟ್ಟ ಪಾಡು, ಮನೆಯಿಂದ ಹೊರಬಿದ್ದ ದಿನಗಳು, ಬೇಡಿ ತಿಂದದ್ದು, ಎಲ್ಲವನ್ನೂ ಅವರೇ ಹೇಳಿಕೊಂಡಿದ್ದಾರೆ. ರಂಗಸ್ಥಳದಲ್ಲಿ ಒಪ್ಪಿದ್ದನ್ನು ರಸ್ತೆಯಲ್ಲಿ ಒಪ್ಪದ ನಮ್ಮ ನಡೆಗೆ ಅವರ ಬದುಕಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಎದುರು ವಾದಗಳನ್ನೂ ಕೇಳೋಣ. ಸಂಸ್ಥೆಗಳಿಗೆ ತಮ್ಮದೇ ವಸ್ತ್ರನಿಯಮ ಬೇಡವೇ ಎನ್ನುತ್ತಾರೆ. ಕೆಲವು ಕಡೆ ಬೇಕು. ಲೇತ್ ಯಂತ್ರದ ಮುಂದೆ ಸಡಿಲ ಬಟ್ಟೆ ಜೀವಕ್ಕೇ ಕುತ್ತು, ಆಪರೇಷನ್ ಥಿಯೇಟರಿನಲ್ಲಿ ಹೊರಗಿನ ಬಟ್ಟೆ ಸೋಂಕು ತರುತ್ತದೆ. ಅಲ್ಲಿ ನಿಯಮಕ್ಕೆ ಕೆಲಸದಿಂದ ಹುಟ್ಟಿದ ಕಾರಣವಿದೆ. ಲಂಗ, ಪಂಚೆ, ಟೈ ಎಲ್ಲಕ್ಕೂ ಅದು ಒಂದೇ ಸಮ. ಕ್ಲಬ್ಬಿನ ಊಟದ ಕೋಣೆಯಲ್ಲಿ ಪ್ಯಾಂಟೇ ಏಕೆ ಬೇಕೆಂದು ಕೇಳಿ ನೋಡಿ, ಮೊದಲಿನಿಂದ ಹಾಗೇ ಬಂದಿದೆ ಎಂಬುದರಾಚೆ ಉತ್ತರ ಸಿಗುವುದಿಲ್ಲ. ಗುರುವಾಯೂರಿನಲ್ಲಿ ಗಂಡಸು ಪ್ಯಾಂಟಿನಲ್ಲಿ ಹೋದರೆ ಒಳಗೆ ಬಿಡುವುದಿಲ್ಲ, ಮುಂಡು ಉಡಬೇಕು. ಹಳೆಯ ಕ್ಲಬ್ಬಿನಲ್ಲಿ ಅದೇ ಮುಂಡು ಉಟ್ಟರೆ ಬಿಡುತ್ತಿರಲಿಲ್ಲ. ದೇವಸ್ಥಾನದ ವಿಚಾರ ಭಕ್ತರ ನಂಬಿಕೆಗೆ ಸೇರಿದ್ದು, ಅದರ ಚರ್ಚೆಯೇ ಬೇರೆ. ಮಾಲ್, ಬಸ್ಸು, ಕಾಲೇಜು, ಬ್ಯಾಂಕು ಯಾವ ದೇವರ ಸನ್ನಿಧಿಯೂ ಅಲ್ಲ.

ಇದೆಲ್ಲ ಪಶ್ಚಿಮದ ನಕಲು ಎಂಬುದು ಇನ್ನೊಂದು ಮಾತು. ನಕಲು ಮಾಡಿದ್ದು ಪ್ಯಾಂಟನ್ನು. ಪಶ್ಚಿಮದ ಗಂಡಸರಿಗೂ ಸ್ಕರ್ಟು ಸುಲಭವಾಗಿ ದಕ್ಕಿಲ್ಲ. 2017ರ ಜೂನ್‌ನಲ್ಲಿ ಫ್ರಾನ್ಸಿನ ನಾಂತ್ ಊರಿನಲ್ಲಿ ಸುಡುಬಿಸಿಲಿದ್ದಾಗ ಬಸ್ ಚಾಲಕರಿಗೆ ಚಡ್ಡಿ ತೊಡಲು ಅನುಮತಿ ಸಿಗಲಿಲ್ಲ. ಹೆಂಗಸರಿಗೆ ಸ್ಕರ್ಟು ಇದೆಯಲ್ಲ ಎಂದು ಅವರೂ ಸ್ಕರ್ಟು ತೊಟ್ಟು ಬಸ್ಸು ಓಡಿಸಿದರು. ಅದೇ ತಿಂಗಳು ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಶಾಲೆಯ ಹುಡುಗರು ಹಾಗೇ ಮಾಡಿದರು. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಚೆನ್ನೈನಲ್ಲಿ, ಕಡಲ ಬೆವರಿನಲ್ಲಿ, ದಪ್ಪ ಜೀನ್ಸು ಬಿಗಿದುಕೊಂಡು ಓಡಾಡುವ ನಮಗೆ ಆ ಚಾಲಕರ ಕಷ್ಟ ಅರ್ಥವಾಗಬೇಕು. ಕಾಲಿಗೆ ಗಾಳಿಯಾಡಬೇಕೆಂಬುದನ್ನು ನಮ್ಮ ಅಜ್ಜಂದಿರು ಯಾರಿಂದಲೂ ಕಲಿತಿರಲಿಲ್ಲ.

ಬೆಸೆಂಟ್ ನಗರದ ಎಲಿಯಟ್ಸ್ ಬೀಚ್‌ನಲ್ಲಿ ಒಂದು ಭಾನುವಾರ ಸಂಜೆ ಸ್ಕರ್ಟು ತೊಟ್ಟ ಒಬ್ಬ ತರುಣನನ್ನು ಕಂಡೆ. ಕಣಕಾಲಿನವರೆಗೆ ಬರುವ ಕಪ್ಪು ಹತ್ತಿ ಸ್ಕರ್ಟು, ಮೇಲೆ ಬಿಳಿ ಷರ್ಟು, ಕುರುಚಲು ಗಡ್ಡ. ಬಟ್ಟೆ ಅವನಿಗೆ ಹೊಸದೆಂದು ನಡಿಗೆಯೇ ಹೇಳುತ್ತಿತ್ತು. ಕಡಲ ಗಾಳಿಗೆ ಸ್ಕರ್ಟು ಹಾರದಂತೆ ಒಂದು ಕೈಯಲ್ಲಿ ಒತ್ತಿ ಹಿಡಿದಿದ್ದ, ಇನ್ನೊಂದು ಕೈಯ ಚೀಲವನ್ನು ಮುಂದಕ್ಕೆ ತಂದುಕೊಂಡಿದ್ದ. ಜೊತೆಗಿದ್ದ ಗೆಳತಿ ಅವನಿಗಿಂತ ಅರ್ಧ ಹೆಜ್ಜೆ ಮುಂದೆ ನಡೆದು ಎದುರು ಬರುವವರ ನೋಟವನ್ನು ತಾನು ಎದುರಿಸುತ್ತಿದ್ದಳು. ಸುಂಡಲ್ ಮಾರುವವನು ಪೊಟ್ಟಣ ಕಟ್ಟಿಕೊಟ್ಟು ಚಿಲ್ಲರೆ ಎಣಿಸಿದ, ಅಷ್ಟೇ. ಆಚೆ ಕಟ್ಟೆಯ ಮೇಲೆ ಕೂತಿದ್ದ ನಾಲ್ವರು ಹುಡುಗರು ಮೊಬೈಲ್ ಎತ್ತಿ ವಿಡಿಯೊ ಮಾಡತೊಡಗಿದರು. ಅವರಲ್ಲೊಬ್ಬ ಲುಂಗಿಯನ್ನು ಮೊಣಕಾಲ ಮೇಲೆ ಎತ್ತಿಕಟ್ಟಿದ್ದ.

ಚೆನ್ನೈನಲ್ಲಿ 2009ರಿಂದ ಜೂನ್‌ನಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಪ್ರೈಡ್ ಮೆರವಣಿಗೆ ನಡೆಯುತ್ತಿದೆ. ಬೆಂಗಳೂರಿನಲ್ಲಿ ಅದಕ್ಕೂ ಒಂದು ವರ್ಷ ಮುಂಚೆ ಆರಂಭವಾಯಿತು. ಈ ಮೆರವಣಿಗೆಗಳಲ್ಲಿ ಬಣ್ಣದ ಸ್ಕರ್ಟು, ಸೀರೆಯುಟ್ಟ ಗಂಡಸರು ನಿರ್ಭಯವಾಗಿ ನಡೆಯುತ್ತಾರೆ, ಸುತ್ತ ನೂರಾರು ಜನ ಇರುತ್ತಾರೆ, ಪೊಲೀಸ್ ಕಾವಲೂ ಇರುತ್ತದೆ. ಬೇಕಾಗಿರುವುದು ಮಿಕ್ಕ ದಿನಗಳಲ್ಲಿ, ಮೆರವಣಿಗೆಯಿಲ್ಲದೆ, ಒಬ್ಬನೇ ಬಸ್ಸು ಹತ್ತುವಾಗಿನ ನಿರ್ಭಯ. ಸ್ಕರ್ಟು ತೊಟ್ಟವನೆಲ್ಲ ಸಲಿಂಗಿಯೂ ಅಲ್ಲ, ತೃತೀಯ ಲಿಂಗಿಯೂ ಅಲ್ಲ. ಆಗಿದ್ದರೂ ಅದು ಅವನ ಸ್ವಂತ ವಿಷಯ. ಸೆಕೆ ತಾಳಲಾರದವನು, ಅಂದ ಇಷ್ಟಪಟ್ಟವನು, ಸುಮ್ಮನೆ ತೊಟ್ಟು ನೋಡೋಣವೆಂದವನು, ಯಾರೂ ಇರಬಹುದು. ಕಾರಣ ಒಪ್ಪಿಸಿ ಹೋಗಬೇಕಾದ ಬಾಧ್ಯತೆ ವೇಷ್ಟಿಯವನಿಗಿಲ್ಲ, ಇವನಿಗೂ ಇರಬಾರದು.

ಹಾಗಾಗಿ ತಮಿಳುನಾಡು ವಿಧಾನಸಭೆ ತನ್ನ 2014ರ ಕಾಯ್ದೆಗೆ ಸಣ್ಣದೊಂದು ತಿದ್ದುಪಡಿ ತರಲಿ. ತಮಿಳು ಸಂಸ್ಕೃತಿ, ಸಾಂಪ್ರದಾಯಿಕ ಎಂಬ ಷರತ್ತುಗಳನ್ನು ತೆಗೆದು, ಯಾವ ವ್ಯಕ್ತಿಯನ್ನೂ ಉಡುಪಿನ ಕಾರಣಕ್ಕೆ ಸಾರ್ವಜನಿಕ ಸ್ಥಳದಿಂದ ಹೊರಗಿಡುವಂತಿಲ್ಲ ಎಂದು ಬರೆಯಲಿ. ಪಂಚೆಗೆ ಅದರಿಂದ ಎಳ್ಳಷ್ಟೂ ನಷ್ಟವಿಲ್ಲ. ಕರ್ನಾಟಕವೂ ಆ ಮಾತನ್ನು ತನ್ನ ಕಾನೂನಿನಲ್ಲಿ ಸೇರಿಸಲಿ. ನಮ್ಮ ಸಂಘಟನೆಗಳು ಅಧಿಕಾರಿಗಳಿಗೆ ಸೀರೆ ಬಳೆ ಕೊಡುವ ಪ್ರತಿಭಟನೆಯನ್ನು ಇಂದೇ ನಿಲ್ಲಿಸಲಿ. ಓದುಗರಲ್ಲಿ ನನ್ನ ವಿನಂತಿ ಇಷ್ಟೇ: ಸ್ಕರ್ಟು ತೊಟ್ಟ ಹುಡುಗನೊಬ್ಬ ನಿಮ್ಮ ಬೀದಿಯಲ್ಲಿ ಹಾದುಹೋದರೆ ಮೊಬೈಲ್ ಜೇಬಿನಲ್ಲೇ ಇರಲಿ. ಅವನು ನಿಮ್ಮ ಮನೆಯ ಮಗನೇ ಆಗಿದ್ದರೆ, ಎಂದಿನಂತೆ ಊಟ ಮಾಡಿಕೊಂಡು ಹೋಗೋ ಎಂದು ಹೇಳಿ ಕಳಿಸಿ.